ಐಫೋನ್ ಹುಟ್ಟೋದು ನಮ್ಮೂರಲ್ಲಿ, ಓಡೋದು ಮಾತ್ರ ಆಂಡ್ರಾಯ್ಡ್

ಹೋದ ಸೆಮಿಸ್ಟರ್‌ನಲ್ಲಿ ಮಿನಿ ಪ್ರಾಜೆಕ್ಟ್‌ಗೆ ಟೀಮ್ ಮಾಡುವಾಗ ನಮ್ಮ ಕ್ಲಾಸಿನಲ್ಲಿ ಒಂದು ವಾದ ಶುರುವಾಯ್ತು. ಆ್ಯಪ್ ಮಾಡೋದು ಅಂತ ಎಲ್ಲರೂ ಒಪ್ಪಿದ್ದರು. ಯಾವ ಫೋನಿಗೆ ಅನ್ನೋದೇ ಪ್ರಶ್ನೆ. ಒಬ್ಬ ಗೆಳೆಯ ಹೇಳಿದ, “ಐಫೋನಿಗೆ ಮಾಡಿದ್ರೆ ರೆಸ್ಯೂಮೆಯಲ್ಲಿ ಬೆಲೆ ಇರುತ್ತೆ. ಆಂಡ್ರಾಯ್ಡ್‌ನವರು ಒಂದು ರೂಪಾಯಿ ಬಿಚ್ಚಲ್ಲ, ಬರೀ ಆ್ಯಡ್ ನೋಡ್ಕೊಂಡು ಫ್ರೀಯಾಗಿ ಬಳಸ್ತಾರೆ.” ಕ್ಯಾಂಟೀನ್ ಟೇಬಲ್ ಸುತ್ತ ಇದ್ದೋರೆಲ್ಲ ನಕ್ಕರು. ನಾವೂ ನಕ್ಕೆವು. ಆಮೇಲೆ ಹಾಸ್ಟೆಲ್ ಕಡೆ ನಡೆಯುವಾಗ ನಮ್ಮಲ್ಲೇ ಒಬ್ಬರು ಕೇಳಿದರು: “ಅವನು ಆಂಡ್ರಾಯ್ಡ್‌ನವರು ಅಂದನಲ್ಲ, ಅದು ನಮ್ಮ ಅಮ್ಮ ಅಲ್ವಾ?”

ನಾವು ಅಂದ್ರೆ ನಾಲ್ಕು ಜನ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಊರಿಗೊಬ್ಬರು. ಟೈಪ್ ಮಾಡ್ತಿರೋದು ಒಬ್ಬರು, ಮಾತು ನಾಲ್ವರದೂ. ಎಲ್ಲರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಕನ್ನಡ ಸಂಘಕ್ಕೆ ಸೇರಿದ್ದೇ ನಾಲ್ಕು ಸಾಲು ಸರಿಯಾಗಿ ಬರೆಯೋದು ಕಲಿಯೋಣ ಅಂತ. ಒತ್ತಕ್ಷರ ತಪ್ಪಿದ್ರೆ ಸಂಪಾದಕರು ತಿದ್ದುತ್ತಾರೆ, ಅಭಿಪ್ರಾಯ ತಪ್ಪು ಅನ್ನಿಸಿದ್ರೆ ನೀವು ತಿದ್ದಿ.

ಮೊದಲು ನಮ್ಮ ಜಿಲ್ಲೆಯ ಒಂದು ವಿಚಿತ್ರ ಹೇಳ್ತೀವಿ. ಬೆಂಗಳೂರಿಂದ ಕೋಲಾರಕ್ಕೆ ಹೆದ್ದಾರಿಯಲ್ಲಿ ಬಂದ್ರೆ, ಕೋಲಾರ ಸಿಗೋಕೆ ಮುಂಚೆ ನರಸಾಪುರ ಕೈಗಾರಿಕಾ ಪ್ರದೇಶ ಸಿಗುತ್ತೆ. ಹೋಂಡಾ ಸ್ಕೂಟರ್ ತಯಾರಾಗೋದು ಅಲ್ಲೇ, ಐಫೋನ್ ಜೋಡಣೆ ಆಗೋದೂ ಅಲ್ಲೇ. ವಿಸ್ಟ್ರಾನ್ ಕಂಪನಿ 2017ರಲ್ಲಿ ಭಾರತದ ಮೊದಲ ಐಫೋನ್ ಜೋಡಿಸಿದ್ದು ಬೆಂಗಳೂರಲ್ಲಿ. ಆಮೇಲೆ ನರಸಾಪುರದಲ್ಲಿ ದೊಡ್ಡ ಕಾರ್ಖಾನೆ ಕಟ್ಟಿತು. 2020ರ ಡಿಸೆಂಬರ್ 12ರಂದು ಸಂಬಳದ ವಿಚಾರಕ್ಕೆ ಅಲ್ಲಿ ದೊಡ್ಡ ಗಲಾಟೆಯಾಗಿ ಕೋಲಾರದ ಹೆಸರು ದೇಶವೆಲ್ಲ ಕೇಳಿಸಿತು. ಸಮಸ್ಯೆ ಸರಿಪಡಿಸೋವರೆಗೂ ಹೊಸ ಕೆಲಸ ಕೊಡಲ್ಲ ಅಂತ ಆಪಲ್ ಹೇಳಿತು. 2023ರ ಅಕ್ಟೋಬರ್‌ನಲ್ಲಿ ಈ ಕಾರ್ಖಾನೆಯನ್ನ ಟಾಟಾ ಕೊಳ್ಳುತ್ತೆ ಅನ್ನೋ ಸುದ್ದಿ ಬಂತು. ಹಾಗೆ ಐಫೋನ್ ತಯಾರಿಸೋ ಮೊದಲ ಭಾರತೀಯ ಕಂಪನಿಯ ವಿಳಾಸ ನಮ್ಮ ಜಿಲ್ಲೆಯದಾಯ್ತು.

ನಮ್ಮಲ್ಲಿ ಒಬ್ಬರ ಚಿಕ್ಕಮ್ಮನ ಮಗಳು ಆ ಕಡೆಯ ಒಂದು ಫೋನ್ ಕಂಪನಿಯಲ್ಲೇ ಕೆಲಸ ಮಾಡ್ತಾಳೆ. ಬೆಳಗಿನ ಪಾಳಿಗೆ ಕತ್ತಲಿರುವಾಗಲೇ ಕಂಪನಿ ಬಸ್ ಹತ್ತಬೇಕು. ದಿನವಿಡೀ ಅವಳ ಕೈಯಲ್ಲಿ ಹೊಸ ಫೋನ್‌ಗಳು ಹಾದು ಹೋಗುತ್ತವೆ. ಮನೆಗೆ ಬಂದು ಚಾರ್ಜ್‌ಗೆ ಹಾಕೋದು ಮಾತ್ರ ಪರದೆ ಒಂದು ಮೂಲೆಯಲ್ಲಿ ಸೀಳಿದ ಆಂಡ್ರಾಯ್ಡ್. “ಅಕ್ಕಾ, ನೀನೂ ಒಂದು ತಗೋ” ಅಂತ ತಮಾಷೆ ಮಾಡಿದ್ರೆ, “ಜೋಡಿಸೋಕೆ ನಾನು, ಕೊಳ್ಳೋಕೆ ನೀವು. ಇಂಜಿನಿಯರ್ ಆದ್ಮೇಲೆ ಕೊಡಿಸ್ರಪ್ಪ” ಅಂತ ನಗ್ತಾಳೆ. 2024ರಲ್ಲಿ ಐಫೋನ್ 16 ಬಿಡುಗಡೆಯಾದಾಗ ಆರಂಭದ ಬೆಲೆ 79,900 ರೂಪಾಯಿ. ನಮ್ಮೂರಲ್ಲಿ ಆ ದುಡ್ಡಿಗೆ ಒಂದು ಸೀಮೆಹಸು ಬರುತ್ತೆ. ಹಸು ದಿನಾ ಹಾಲು ಕೊಡುತ್ತೆ.

ಇದರಲ್ಲಿ ಹೊಸದೇನಿಲ್ಲ ಅಂತಾನೂ ಅನ್ನಿಸುತ್ತೆ. ಕೆಜಿಎಫ್ ಗಣಿಗಳಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಚಿನ್ನ ಹೊರಗೆ ಹೋಯ್ತು. 2001ರಲ್ಲಿ ಗಣಿ ಮುಚ್ಚಿದಾಗ ಊರಿಗೆ ಉಳಿದದ್ದು ಸೈನೈಡ್ ದಿಬ್ಬ. ಟೊಮೆಟೊ, ಮಾವು, ರೇಷ್ಮೆ ಎಲ್ಲ ಲಾರಿ ಹತ್ತಿ ಹೋಗುತ್ತವೆ. ಫೋನೂ ಹೋಗುತ್ತೆ. ಹೋಗಲಿ, ಕೆಲಸವಂತೂ ಸಿಕ್ಕಿದೆ. ನಮ್ಮ ತಕರಾರು ಫೋನಿನ ಬಗ್ಗೆ ಅಲ್ಲ, ಫೋನಿನೊಳಗೆ ಇರೋದರ ಬಗ್ಗೆ.

ಈಗ ಗೆಳೆಯನ ಮಾತಿಗೆ ಬರೋಣ. ಲೆಕ್ಕದಲ್ಲಿ ಅವನು ಹೇಳಿದ್ದು ಸರಿ. ಎರಡೂ ಅಂಗಡಿಗಳು ಬಾಗಿಲು ತೆರೆದದ್ದು ಒಂದೇ ವರ್ಷ. ಆಪಲ್‌ನ ಆ್ಯಪ್ ಸ್ಟೋರ್ 2008ರ ಜುಲೈನಲ್ಲಿ, ಗೂಗಲ್‌ನ ಆಂಡ್ರಾಯ್ಡ್ ಮಾರ್ಕೆಟ್ ಅದೇ ವರ್ಷ ಅಕ್ಟೋಬರ್‌ನಲ್ಲಿ. 2012ರಲ್ಲಿ ಇದಕ್ಕೆ ಗೂಗಲ್ ಪ್ಲೇ ಅಂತ ಹೆಸರಾಯ್ತು. ಪ್ರಪಂಚದ ಲೆಕ್ಕ ನೋಡಿದ್ರೆ ಡೌನ್‌ಲೋಡ್‌ನಲ್ಲಿ ಪ್ಲೇ ಸ್ಟೋರ್ ಬಹಳ ಮುಂದೆ. ಜನ ಆ್ಯಪ್‌ಗಳಿಗೆ ಖರ್ಚು ಮಾಡೋ ದುಡ್ಡಿನಲ್ಲಿ ಆ್ಯಪ್ ಸ್ಟೋರ್ ಮುಂದೆ, ಅದೂ ಹೆಚ್ಚುಕಡಿಮೆ ಎರಡರಷ್ಟು. ಐಫೋನ್ ಇರೋರು ತಿಂಗಳ ಸಬ್‌ಸ್ಕ್ರಿಪ್ಷನ್ ಕಟ್ತಾರೆ. ಆಂಡ್ರಾಯ್ಡ್ ಇರೋರು ಆ್ಯಡ್ ನೋಡ್ತಾರೆ. ಅದಕ್ಕೇ ಎಷ್ಟೋ ಆ್ಯಪ್‌ಗಳು ಮೊದಲು ಐಫೋನಿಗೆ ಬರುತ್ತವೆ. ಕ್ಲಬ್‌ಹೌಸ್ 2020ರಲ್ಲಿ ಐಫೋನಿಗೆ ಬಂತು, ಆಂಡ್ರಾಯ್ಡ್‌ಗೆ ಬರೋಕೆ 2021ರ ಮೇ ಆಯ್ತು. ಚಾಟ್‌ಜಿಪಿಟಿ ಆ್ಯಪ್ ಕೂಡ 2023ರ ಮೇನಲ್ಲಿ ಐಫೋನಿಗೆ, ಜುಲೈನಲ್ಲಿ ಆಂಡ್ರಾಯ್ಡ್‌ಗೆ.

ಆದ್ರೆ ಇಂಡಿಯಾದಲ್ಲಿ ಲೆಕ್ಕ ತಿರುಗುತ್ತೆ. ಇಲ್ಲಿ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸ್ಮಾರ್ಟ್‌ಫೋನ್ ಆಂಡ್ರಾಯ್ಡ್. ಹಾಗಾಗಿ ಎಲ್ಲರಿಗೂ ತಲುಪಲೇಬೇಕಾದ ಆ್ಯಪ್ ಮೊದಲು ಆಂಡ್ರಾಯ್ಡ್‌ಗೇ ಬರುತ್ತೆ. ಭೀಮ್ ಆ್ಯಪ್ 2016ರ ಡಿಸೆಂಬರ್ 30ಕ್ಕೆ ಬಂದಾಗ ಆಂಡ್ರಾಯ್ಡ್‌ಗೆ ಮಾತ್ರ. ಐಫೋನಿಗೆ ಬಂದದ್ದು 2017ರ ಫೆಬ್ರುವರಿಯಲ್ಲಿ. 2020ರ ಮುಂಗಾರಿನಲ್ಲಿ ಕರ್ನಾಟಕ ಸರ್ಕಾರ ರೈತರೇ ತಮ್ಮ ಬೆಳೆ ಸಮೀಕ್ಷೆ ಮಾಡಿ ಫೋಟೋ ಹಾಕಲಿ ಅಂತ ಆ್ಯಪ್ ಬಿಟ್ಟಾಗ, ಎಲ್ಲರೂ ಅದನ್ನ ಹುಡುಕಿದ್ದು ಪ್ಲೇ ಸ್ಟೋರ್‌ನಲ್ಲಿ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಯಾರು ಐಫೋನ್ ಹಿಡ್ಕೊಂಡು ಸರ್ವೆ ನಂಬರ್ ಹಾಕ್ತಾರೆ?

ಅಂದ್ರೆ ದುಡ್ಡು ಎಲ್ಲಿದೆಯೋ ಅಲ್ಲಿಗೆ ಮೊದಲು ಹೋಗೋ ಆ್ಯಪ್‌ಗಳು ಒಂದು ಜಾತಿ, ಜನ ಎಲ್ಲಿದ್ದಾರೋ ಅಲ್ಲಿಗೆ ಮೊದಲು ಹೋಗೋ ಆ್ಯಪ್‌ಗಳು ಇನ್ನೊಂದು ಜಾತಿ. ನಮ್ಮ ಕ್ಯಾಂಪಸ್‌ನಲ್ಲಿ ಬರೀ ಮೊದಲನೆಯದಕ್ಕೆ ಮರ್ಯಾದೆ. ಯಾಕೆ ಅನ್ನೋದೇ ನಮ್ಮ ಪ್ರಶ್ನೆ.

ನಾವು ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿದ್ವಿ. ಅದಕ್ಕೆ ಸರ್ವೇ ಅನ್ನೋ ದೊಡ್ಡ ಹೆಸರೇನೂ ಬೇಡ. ಮನೆಯವರು ಫೋನ್ ಹೇಗೆ ಬಳಸ್ತಾರೆ ಅಂತ ಸುಮ್ಮನೆ ಪಕ್ಕದಲ್ಲಿ ಕೂತು ನೋಡಿದ್ವಿ, ಅಷ್ಟೇ.

ಕೋಲಾರದ ಮನೆಯಲ್ಲಿ ಅಪ್ಪ ಟೊಮೆಟೊ ಬೆಳೀತಾರೆ. ಕೋಲಾರ ಎಪಿಎಂಸಿ ಎಷ್ಟು ದೊಡ್ಡ ಟೊಮೆಟೊ ಮಾರುಕಟ್ಟೆ ಅಂತ ನಿಮಗೂ ಗೊತ್ತು. ಅವರ ಫೋನಿನಲ್ಲಿ ರೇಟ್ ತೋರಿಸೋ ಆ್ಯಪ್ ಇದೆ, ನಾವೇ ಹಾಕಿಕೊಟ್ಟದ್ದು. ಒಂದು ದಿನವೂ ತೆರೆದಿಲ್ಲ. ರೇಟ್ ಬರೋದು ವಾಟ್ಸಾಪ್ ಗ್ರೂಪ್‌ನಲ್ಲಿ ಮಂಡಿಯವರು ಕಳಿಸೋ ವಾಯ್ಸ್ ಮೆಸೇಜ್‌ನಲ್ಲಿ. “ಆ್ಯಪ್‌ನಲ್ಲಿ ಕ್ವಿಂಟಾಲ್ ರೇಟ್ ಕೊಡ್ತಾರೆ, ನಾವು ಮಾರೋದು ಬಾಕ್ಸ್ ಲೆಕ್ಕ. ಗುಣಿಸ್ಕೊಂಡು ಕೂತ್ಕೊಳ್ಳೋಕೆ ಹೊತ್ತೆಲ್ಲಿದೆ?” ಅಂದರು. ಆ ಆ್ಯಪ್ ಬರೆದ ಇಂಜಿನಿಯರ್ ಒಂದೇ ಒಂದು ಬೆಳಗ್ಗೆ ಮಂಡಿಗೆ ಬಂದಿದ್ರೆ ಈ ತಪ್ಪು ಆಗ್ತಿರಲಿಲ್ಲ.

ಮಾಲೂರಿನ ಮನೆಯಲ್ಲಿ ಅಮ್ಮ ಟೈಪ್ ಮಾಡೋದೇ ಇಲ್ಲ. ಮೈಕ್ ಗುರುತು ಒತ್ತಿ ಮಾತಾಡ್ತಾರೆ. ಯೂಟ್ಯೂಬ್ ಹುಡುಕೋದೂ ಹಾಗೇ. ಶ್ರೀನಿವಾಸಪುರದ ಮನೆಯಲ್ಲಿ ಫೋನ್ ತುಂಬಿ ಹೋಗಿದೆ. ಶುಭೋದಯದ ಫೋಟೋಗಳು, ಮದುವೆ ವಿಡಿಯೋಗಳು. ಹೊಸ ಆ್ಯಪ್ ಹಾಕಬೇಕು ಅಂದ್ರೆ ಹಳೆಯದೊಂದನ್ನ ತೆಗೀಬೇಕು. ಅಲ್ಲಿ 150 ಎಂಬಿ ಆ್ಯಪ್ ಅಂದ್ರೆ ಮೊಮ್ಮಗಳ ನಾಮಕರಣದ ವಿಡಿಯೋ ಅಳಿಸಬೇಕು ಅಂತ ಅರ್ಥ. ಯಾವ ಅಜ್ಜಿ ಅಳಿಸ್ತಾಳೆ ಹೇಳಿ?

ಫೋನ್ ಒಬ್ಬರದೇ ಅನ್ನೋ ಊಹೆಯೂ ನಮ್ಮೂರಲ್ಲಿ ನಡೆಯಲ್ಲ. 2020ರಲ್ಲಿ ನಾವು ಒಂಬತ್ತನೇ ಕ್ಲಾಸು. ಆನ್‌ಲೈನ್ ಕ್ಲಾಸಿಗೆ ಮನೆಗೊಂದೇ ಫೋನ್. ಅಣ್ಣನಿಗೆ ಒಂಬತ್ತು ಗಂಟೆಗೆ, ನಮಗೆ ಹನ್ನೊಂದಕ್ಕೆ, ಮಧ್ಯದಲ್ಲಿ ಅಪ್ಪನಿಗೆ ಕರೆ ಬಂದ್ರೆ ಗಣಿತ ನಿಂತುಹೋಗ್ತಿತ್ತು. ಇವತ್ತಿಗೂ ಎಷ್ಟೋ ಮನೆಗಳಲ್ಲಿ ಒಂದೇ ಫೋನಿನಲ್ಲಿ ಮೂರು ಜನರ ಬದುಕು ಇದೆ. ಐಫೋನ್ ಆ್ಯಪ್‌ಗಳ ಲೋಕದಲ್ಲಿ ಒಂದು ಫೋನ್ ಅಂದ್ರೆ ಒಬ್ಬ ಮನುಷ್ಯ, ಒಂದು ಮುಖ, ಒಂದು ಕಾರ್ಡ್. ನಾವು ನೋಡಿ ಕಲಿಯೋ ಡಿಸೈನ್‌ಗಳೆಲ್ಲ ಆ ಲೋಕದವು.

ಮುಳಬಾಗಿಲಿನ ಕಥೆ ಬೇರೆ. ಅಲ್ಲಿ ನಮ್ಮ ಮಾವನಿಗೆ ವಾಟ್ಸಾಪ್‌ನಲ್ಲಿ ಮದುವೆ ಪತ್ರಿಕೆ ಬಂತು. ಪತ್ರಿಕೆ ಅಂತ ಒತ್ತಿದ್ರು, ಅದು ಎಪಿಕೆ ಫೈಲ್. ಇನ್‌ಸ್ಟಾಲ್ ಮಾಡಲಾ ಅಂತ ಫೋನ್ ಇಂಗ್ಲಿಷ್‌ನಲ್ಲಿ ಕೇಳಿತು, ಎಚ್ಚರಿಕೆಯನ್ನೂ ಇಂಗ್ಲಿಷ್‌ನಲ್ಲೇ ಕೊಟ್ಟಿತು. ಮಾವ ಎಲ್ಲದಕ್ಕೂ ಓಕೆ ಒತ್ತಿದ್ರು. ಆ ಆ್ಯಪ್ ಮೆಸೇಜ್‌ಗಳನ್ನ ಓದ್ಕೊಂಡು ಓಟಿಪಿ ಕದ್ದಿತು. ಹಸು ಕೊಳ್ಳೋಕೆ ಇಟ್ಟಿದ್ದ ಹದಿನೆಂಟು ಸಾವಿರ ಸಂಜೆಯೊಳಗೆ ಹೋಯ್ತು. “ಯಾರ ಮದುವೆ ಅಂತಾನೂ ಗೊತ್ತಾಗ್ಲಿಲ್ಲ ಕಣ್ರಪ್ಪ” ಅಂತ ಮಾವ ಹೇಳಿದಾಗ ನಗಬೇಕೋ ಅಳಬೇಕೋ ತಿಳೀಲಿಲ್ಲ.

ಇಲ್ಲಿ ಆಂಡ್ರಾಯ್ಡ್ ಪಕ್ಷ ವಹಿಸೋಕೆ ನಮಗೂ ಕಷ್ಟ. ಇಂಥ ಎಪಿಕೆ ಐಫೋನಿನಲ್ಲಿ ಒತ್ತಿದ್ರೆ ಏನೂ ಆಗಲ್ಲ. ಅಲ್ಲಿ ನಮ್ಮ ದೇಶದಲ್ಲಿ ಆ್ಯಪ್ ಸಿಗೋದು ಆಪಲ್ ಅಂಗಡಿಯಲ್ಲಿ ಮಾತ್ರ. ಆಂಡ್ರಾಯ್ಡ್ ಬಾಗಿಲು ತೆರೆದ ಮನೆ. ನೆಂಟರೂ ಬರ್ತಾರೆ, ಕಳ್ಳರೂ ಬರ್ತಾರೆ. ಆದ್ರೆ ಆ ತೆರೆದ ಬಾಗಿಲಿನಿಂದಲೇ ನಮ್ಮಂಥೋರು ಒಳಗೆ ಬರೋಕೆ ಆಗಿದ್ದು. ಆ್ಯಪ್ ಸ್ಟೋರ್‌ಗೆ ಒಂದು ಆ್ಯಪ್ ಹಾಕಬೇಕು ಅಂದ್ರೆ ವರ್ಷಕ್ಕೆ 99 ಡಾಲರ್, ಅಂದ್ರೆ ಎಂಟು ಸಾವಿರಕ್ಕೂ ಹೆಚ್ಚು. ಜೊತೆಗೆ ಎಕ್ಸ್‌ಕೋಡ್ ಓಡಿಸೋಕೆ ಮ್ಯಾಕ್ ಬೇಕು. ಪ್ಲೇ ಸ್ಟೋರ್‌ಗೆ ಒಂದೇ ಸಲ 25 ಡಾಲರ್, ಎರಡು ಸಾವಿರದ ಆಸುಪಾಸು. ಅದೂ ಇಲ್ಲದಿದ್ರೆ ಎಪಿಕೆ ಮಾಡಿ ಗೆಳೆಯರಿಗೆ ಕಳಿಸಬಹುದು. ಫೋನ್‌ಪೇ ಕಂಪನಿ 2024ರ ಫೆಬ್ರುವರಿಯಲ್ಲಿ 12 ಭಾರತೀಯ ಭಾಷೆಗಳಲ್ಲಿ ಇಂಡಸ್ ಆ್ಯಪ್‌ಸ್ಟೋರ್ ಶುರು ಮಾಡಿತಲ್ಲ, ಅಂಥದ್ದು ಸಾಧ್ಯ ಆಗಿದ್ದು ಆಂಡ್ರಾಯ್ಡ್‌ನಲ್ಲಿ ಮಾತ್ರ.

ಹಾಗಂತ ಗೂಗಲ್ ಧರ್ಮಛತ್ರ ನಡೆಸ್ತಿದೆ ಅಂತ ಅಲ್ಲ. ಎರಡೂ ಅಂಗಡಿಯವರು ಕಮಿಷನ್ ಹಿಡೀತಾರೆ. ಹಳೇ ದರ ನೂರಕ್ಕೆ 30 ಇತ್ತು, ಸಣ್ಣವರಿಗೆ 2021ರಲ್ಲಿ ಎರಡೂ ಕಡೆ 15ಕ್ಕೆ ಇಳಿಸಿದ್ರು. ನಮ್ಮ ದೇಶದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಗೂಗಲ್‌ಗೆ ಎರಡು ದಂಡ ಹಾಕಿತು. ಆಂಡ್ರಾಯ್ಡ್ ವಿಚಾರಕ್ಕೆ 1,337.76 ಕೋಟಿ, ಪ್ಲೇ ಸ್ಟೋರ್ ನಿಯಮಗಳ ವಿಚಾರಕ್ಕೆ 936.44 ಕೋಟಿ. ಎರಡನೆಯದನ್ನ ಮೇಲ್ಮನವಿ ನ್ಯಾಯಮಂಡಳಿ 2025ರ ಮಾರ್ಚ್‌ನಲ್ಲಿ 216 ಕೋಟಿ ಚಿಲ್ಲರೆಗೆ ಇಳಿಸಿತು. ಮಂಡಿ ಯಾವುದಾದ್ರೂ ಕಮಿಷನ್ ತಪ್ಪಲ್ಲ ಅನ್ನೋದು ಟೊಮೆಟೊ ಬೆಳೆಯೋರ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಈಗ ನಮ್ಮ ಸಂಘಕ್ಕೆ ಹತ್ತಿರವಾದ ವಿಚಾರ: ಭಾಷೆ. ಆಂಡ್ರಾಯ್ಡ್‌ನಲ್ಲಿ ಇಡೀ ಫೋನನ್ನ ಕನ್ನಡಕ್ಕೆ ತಿರುಗಿಸೋ ಸೌಲಭ್ಯ 2014ರಲ್ಲಿ, ಲಾಲಿಪಾಪ್ ಆವೃತ್ತಿಯ ಹೊತ್ತಿಗೆ ಬಂತು. ಐಫೋನಿನಲ್ಲಿ ಕನ್ನಡ ಕೀಬೋರ್ಡ್ ಬಂದದ್ದು 2017ರಲ್ಲಿ, ಐಓಎಸ್ 11ರ ಜೊತೆ. ಇಡೀ ಫೋನ್ ಕನ್ನಡದಲ್ಲಿ ಕಾಣಿಸಿದ್ದು 2025ರ ಮಾರ್ಚ್ ಕೊನೆಗೆ, ಐಓಎಸ್ 18.4ರಲ್ಲಿ. ತಾರೀಖುಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡಿ. ನರಸಾಪುರದಲ್ಲಿ ನಮ್ಮಕ್ಕನಂಥೋರು ಐಫೋನ್ ಜೋಡಿಸ್ತಾ ವರ್ಷಗಳೇ ಕಳೆದ ಮೇಲೆ ಆ ಫೋನು ಅವರ ಭಾಷೆ ಕಲಿತಿದೆ.

ಇದನ್ನ ಆಪಲ್ ಮೇಲಿನ ಆರೋಪ ಅಂತ ಬರೆದು ಮುಗಿಸೋಕೆ ಹೊರಟಿದ್ವಿ. ಆಗ ನಮ್ಮಲ್ಲೊಬ್ಬರು, “ನಮ್ಮ ಫೋನ್ ಯಾವ ಭಾಷೆಯಲ್ಲಿದೆ?” ಅಂದ್ರು. ನಾಲ್ಕೂ ಇಂಗ್ಲಿಷ್. ನಾಲ್ಕೂ ಆಂಡ್ರಾಯ್ಡ್, ಹತ್ತು ವರ್ಷಕ್ಕಿಂತ ಹಿಂದೆಯೇ ಬಂದ ಸೌಲಭ್ಯ. ಒಂದು ವಾರ ಕನ್ನಡಕ್ಕೆ ತಿರುಗಿಸಿ ನೋಡಿದ್ವಿ. ಮೊದಲ ದಿನ ಬ್ಲೂಟೂತ್ ಹುಡುಕೋಕೇ ಒದ್ದಾಡಿದ್ವಿ. ‘ಅಧಿಸೂಚನೆ’ ಅಂದ್ರೆ ನೋಟಿಫಿಕೇಶನ್, ‘ಸಂಗ್ರಹಣೆ’ ಅಂದ್ರೆ ಸ್ಟೋರೇಜ್ ಅಂತ ಗೊತ್ತಾಗೋಕೆ ಹೊತ್ತು ಬೇಕಾಯ್ತು. ಅಮ್ಮನಿಗೆ ತೋರಿಸಿದ್ರೆ, “ಇದು ಯಾವ ಕನ್ನಡ? ಬ್ಯಾಂಕ್ ಫಾರಂ ಥರ ಇದೆ” ಅಂದ್ರು. ಅಮ್ಮ ಅದನ್ನ ‘ಮೇಲೆ ಬರೋ ಮೆಸೇಜು’ ಅಂತಾರೆ, ಸ್ಟೋರೇಜ್ ತುಂಬಿದ್ರೆ ‘ಫೋನಲ್ಲಿ ಜಾಗ ಇಲ್ಲ’ ಅಂತಾರೆ. ಜಾಗ! ಎಂಥ ಒಳ್ಳೆ ಪದ. ಅದು ಯಾಕೆ ಫೋನಿನೊಳಗೆ ಇಲ್ಲ? ಅನುವಾದ ಮಾಡೋ ಜಾಗದಲ್ಲಿ ಅಮ್ಮನ ಮಾತು ಕೇಳಿಸಿಕೊಂಡೋರು ಕೂತಿಲ್ಲ, ಅದಕ್ಕೆ.

“ಈಗ ಫ್ಲಟರ್ ಇದೆಯಲ್ಲ, ಒಂದೇ ಕೋಡ್‌ನಲ್ಲಿ ಎರಡೂ ಫೋನಿಗೆ ಆ್ಯಪ್ ಆಗುತ್ತೆ, ಈ ವಾದ ಹಳೇದು” ಅಂತ ಕೆಲವರು ಹೇಳಬಹುದು. ಕೋಡ್ ಒಂದೇ ಆಗುತ್ತೆ, ಒಪ್ತೀವಿ. ಬಳಸೋ ಮನುಷ್ಯ ಒಂದೇ ಆಗಲ್ಲ. ನಮ್ಮ ಮಿನಿ ಪ್ರಾಜೆಕ್ಟ್‌ನಲ್ಲೇ ಇದನ್ನ ನೋಡಿದ್ವಿ. ಇಂಗ್ಲಿಷ್‌ನ ‘ಸೇವ್’ ಗುಂಡಿಯೊಳಗೆ ಚೆನ್ನಾಗಿ ಕೂತಿತ್ತು, ‘ಉಳಿಸಿ’ ಅಂತ ಹಾಕಿದ್ರೆ ಅದೂ ಕೂತಿತು, ‘ಮಾಹಿತಿ ಸೇರಿಸಿ’ ಅಂದ ತಕ್ಷಣ ಗುಂಡಿ ದಾಟಿ ಹೊರಗೆ ಬಂತು. ಸಾಲುಗಳ ನಡುವೆ ಅಂತರ ಕಡಿಮೆ ಇಟ್ಟಿದ್ವಿ, ಒತ್ತಕ್ಷರಗಳ ಕಾಲು ಕತ್ತರಿಸಿ ಹೋಯ್ತು. ನಮ್ಮ ಹೊಸ ಫೋನಿನಲ್ಲಿ ಓಡಿದ ಆ್ಯಪ್ ಅಕ್ಕನ ಹಳೇ ಫೋನಿನಲ್ಲಿ ತೆರೆಯೋಕೆ ನಾಲ್ಕು ಉಸಿರು ಹಿಡೀತು. ಬಸ್ಸು ನರಸಾಪುರ ದಾಟಿ ಹಳ್ಳಿ ಕಡೆ ತಿರುಗಿದಾಗ ಸಿಗ್ನಲ್ ಹೋಯ್ತು, ಆ್ಯಪ್ ಖಾಲಿ ಪರದೆ ತೋರಿಸಿ ಸುಮ್ಮನಾಯ್ತು. ಇದ್ಯಾವುದನ್ನೂ ಫ್ಲಟರ್ ತಾನಾಗಿ ಸರಿ ಮಾಡಲ್ಲ. ಮಾಡಬೇಕಾದೋರು ನಾವು.

ದುಡ್ಡಿನ ಪ್ರಶ್ನೆ ಉಳಿಯುತ್ತೆ, ಅದನ್ನ ಮರೆಸೋಕೆ ನಮಗೆ ಇಷ್ಟ ಇಲ್ಲ. ಸಬ್‌ಸ್ಕ್ರಿಪ್ಷನ್ ಕಟ್ಟದ ಜನಕ್ಕೆ ಆ್ಯಪ್ ಮಾಡಿ ಬದುಕೋದು ಕಷ್ಟ. ಕನ್ನಡದಿಂದ ಶುರುವಾದ ಕೂ ಆ್ಯಪ್ 2020ರಲ್ಲಿ ಬಂದು, ಲಕ್ಷಾಂತರ ಜನರನ್ನ ಸೇರಿಸಿಯೂ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಆದ್ರೆ “ಒಂದು ರೂಪಾಯಿ ಬಿಚ್ಚಲ್ಲ” ಅನ್ನೋದು ಮಾತ್ರ ಸುಳ್ಳು. ಮಾಲೂರಿನ ಹೂವಿನಂಗಡಿಯಲ್ಲಿ ಕ್ಯೂಆರ್ ಕೋಡ್ ಇದೆ. ಮುಳಬಾಗಿಲಿನ ದೋಸೆ ಹೋಟೆಲಲ್ಲಿ ದುಡ್ಡು ಬಂತು ಅಂತ ಡಬ್ಬಿ ಕೂಗುತ್ತೆ. ಫೋನ್ ಒಳಗಿಂದ ದುಡ್ಡು ಕೊಡೋದು ನಮ್ಮ ಜನ ಕಲಿತು ಎಷ್ಟೋ ವರ್ಷ ಆಯ್ತು. ತಮ್ಮ ಕೆಲಸಕ್ಕೆ ಬರುತ್ತೆ ಅಂತ ಗೊತ್ತಾದ್ರೆ ಹತ್ತು ರೂಪಾಯಿ ಕೊಡ್ತಾರೆ. ಕೆಲಸಕ್ಕೆ ಬರೋ ಆ್ಯಪ್ ಯಾರು ಮಾಡಿಕೊಟ್ಟಿದ್ದಾರೆ ಅನ್ನೋದನ್ನ ಮೊದಲು ಕೇಳಬೇಕು.

ಐಫೋನ್ ಕೊಳ್ಳಬೇಡಿ ಅಂತ ನಾವು ಹೇಳ್ತಿಲ್ಲ. ಸಿಕ್ಕಿದ್ರೆ ನಾವೂ ತಗೋತೀವಿ, ಅಕ್ಕನಿಗೂ ಕೊಡಿಸಬೇಕು. ಐಫೋನಿಗೆ ಆ್ಯಪ್ ಮಾಡಬೇಡಿ ಅಂತಾನೂ ಹೇಳ್ತಿಲ್ಲ. ನಾವು ಹೇಳೋದು ಇಷ್ಟೇ: ಎರಡನೇ ವರ್ಷದಲ್ಲಿ ಮಾಡೋ ಮೊದಲ ಆ್ಯಪ್‌ನಿಂದ ಯಾರೂ ಕೋಟ್ಯಧಿಪತಿ ಆಗಲ್ಲ. ಆ ಆ್ಯಪ್‌ನಿಂದ ನಮಗೆ ಸಿಗೋದು ಅಭ್ಯಾಸ. ಯಾರನ್ನ ಮನಸ್ಸಲ್ಲಿಟ್ಟುಕೊಂಡು ಅಭ್ಯಾಸ ಮಾಡ್ತೀವೋ ಜೀವನಪೂರ್ತಿ ಅವರಿಗೇ ಮಾಡ್ತಾ ಹೋಗ್ತೀವಿ. ಬಾಕ್ಸ್ ಲೆಕ್ಕ ಗೊತ್ತಿರೋ, ಅಮ್ಮನ ‘ಜಾಗ’ ಗೊತ್ತಿರೋ, ಕೋಡ್ ಬರೆಯೋಕೂ ಬರೋ ಜನ ಬಹಳ ಇಲ್ಲ. ನಾವಿದ್ದೀವಿ. ನಾವೂ ಆ ಕಡೆ ಮುಖ ತಿರುಗಿಸಿದ್ರೆ ಅಪ್ಪ ಇನ್ನೂ ಹತ್ತು ವರ್ಷ ಕ್ವಿಂಟಾಲನ್ನ ಬಾಕ್ಸಿಗೆ ಗುಣಿಸ್ತಾ ಇರಬೇಕು, ಮಾವ ಓದೋಕೆ ಬರದ ಎಚ್ಚರಿಕೆಗೆ ಓಕೆ ಒತ್ತುತ್ತಾ ಇರಬೇಕು.

ಕೊನೆಗೆ ಒಂದು ಉಪಯೋಗದ ವಿಷಯ. 2023ರ ನವೆಂಬರ್ ನಂತರ ಪ್ಲೇ ಸ್ಟೋರ್‌ನಲ್ಲಿ ಹೊಸದಾಗಿ ವೈಯಕ್ತಿಕ ಖಾತೆ ತೆರೆಯೋರಿಗೆ ಒಂದು ನಿಯಮ ಬಂದಿದೆ. ಆ್ಯಪ್ ಎಲ್ಲರಿಗೂ ಬಿಡೋಕೆ ಮುಂಚೆ ಸತತ 14 ದಿನ ಪರೀಕ್ಷಿಸೋ ಟೆಸ್ಟರ್‌ಗಳನ್ನ ತೋರಿಸಬೇಕು. ಮೊದಲು 20 ಜನ ಬೇಕಿತ್ತು, ಈಗ 12. ಎಲ್ಲ ಬ್ಯಾಚ್‌ನಲ್ಲೂ ಈ 12 ಜನ ಹಾಸ್ಟೆಲ್ ಗೆಳೆಯರೇ ಆಗಿರ್ತಾರೆ. ಇನ್‌ಸ್ಟಾಲ್ ಮಾಡ್ತಾರೆ, ಹದಿನೈದನೇ ದಿನ ತೆಗೀತಾರೆ.

ನಾವು ಈ ಸಲ ಪಟ್ಟಿ ಬೇರೆ ಮಾಡಿದ್ದೀವಿ. ಕೋಲಾರದ ಅಪ್ಪ, ಮಾಲೂರಿನ ಅಮ್ಮ, ಶ್ರೀನಿವಾಸಪುರದ ಅಜ್ಜಿ, ಕಂಪನಿ ಬಸ್ಸಿನ ಅಕ್ಕ ಮತ್ತು ಅವಳ ಪಾಳಿಯ ಇಬ್ಬರು ಗೆಳತಿಯರು, ಒಬ್ಬ ಮಂಡಿ ರೈಟರ್, ಹೀಗೆ ಹನ್ನೊಂದು ಜನ ಆಗಿದ್ದಾರೆ. ಹನ್ನೆರಡನೆಯವರು ಮುಳಬಾಗಿಲಿನ ಮಾವ. ಹೊಸ ಆ್ಯಪ್ ಅಂದ ತಕ್ಷಣ ಫೋನನ್ನ ಜೇಬಿಗೆ ಹಾಕ್ಕೊಂಡು, “ಮೊದಲು ಕನ್ನಡದಲ್ಲಿ ಏನು ಬರೆದಿದ್ದೀರ ತೋರಿಸಿ, ಆಮೇಲೆ ಒತ್ತೋದು” ಅಂದಿದ್ದಾರೆ. ಅವರು ಓಕೆ ಅನ್ನೋವರೆಗೂ ನಮ್ಮ ಆ್ಯಪ್ ಬಿಡುಗಡೆ ಆಗಲ್ಲ.